ಕೂಸು ಅರಾಮ ಐತಿ, ಬಾಣಂತಿ ಹೆಂಗದಾಳ?

ಇವತ್ತಿನ ಮಾತು ಬಾಣಂತಿ ಬಗ್ಗೆ. ಅದಕ್ಕಿಂತ ಹೆಚ್ಚಾಗಿ, ಬಾಣಂತಿ ಸುತ್ತ ಇರೋ ಮಂದಿ ಬಗ್ಗೆ.

ನಮ್ಮ ಧಾರವಾಡದ ಕಡೆ ಬಾಣಂತನಕ್ಕೆ ಯಾರೂ ಕಡಿಮೆ ಮಾಡೋದಿಲ್ಲ. ಅಂಟಿನುಂಡಿ, ಎಣ್ಣಿ-ನೀರು, ಶಾಖ, ಕಿವಿಗೆ ಹತ್ತಿ, ಎಲ್ಲಾ ಆಗ್ತದೆ. ನೋಡಾಕ ಬಂದವರು 'ಕೂಸು ಎಷ್ಟು ತೂಕ ಐತಿ? ಹಾಲು ಸಾಕಾಗ್ತಾವೇನು?' ಅಂತ ಕೇಳ್ತಾರೆ. 'ನಿನಗ ನಿದ್ದಿ ಬರತೈತೇನವಾ?' ಅಂತ ಕೇಳೋರು ಕಡಿಮೆ.

ಹೆರಿಗೆಯಾದ ಮೊದಲ ದಿನಗಳಲ್ಲಿ ಸುಮ್ಮಸುಮ್ಮನೆ ಅಳು, ಸಿಟ್ಟು ಬರೋದು ಬಹಳ ಮಂದಿಗೆ ಆಗ್ತದೆ. ಸಾಮಾನ್ಯವಾಗಿ ಎರಡು ವಾರದೊಳಗೆ ತಾನಾಗೇ ಇಳೀತದೆ. ಎರಡು ವಾರ ದಾಟಿದರೂ ಬೇಸರ ಹೋಗಿಲ್ಲ, ಕೂಸು ಮಲಗಿದಾಗಲೂ ತಾಯಿಗೆ ನಿದ್ದಿ ಇಲ್ಲ, ಊಟ ಸೇರೋದಿಲ್ಲ, 'ನಾ ಛಲೋ ತಾಯಿ ಅಲ್ಲ' ಅಂತಾಳೆ ಅಂದ್ರೆ ಅದು ಖಿನ್ನತೆ ಇರಬಹುದು. 2017ರಲ್ಲಿ ಪ್ರಕಟವಾದ ಒಂದು ವಿಶ್ಲೇಷಣೆ ಭಾರತದ 38 ಅಧ್ಯಯನಗಳನ್ನು ಒಟ್ಟು ಹಾಕಿ ನೋಡಿತ್ತು. ಸುಮಾರು ಶೇ 22 ತಾಯಂದಿರಿಗೆ ಈ ತೊಂದರೆ ಕಂಡಿತ್ತು. ಅಂದ್ರೆ ಐವರಲ್ಲಿ ಒಬ್ಬಳು. ಇದು ಸೊಕ್ಕಲ್ಲ, ದೃಷ್ಟಿನೂ ಅಲ್ಲ.

ನಮ್ಮಲ್ಲಿ ಇನ್ನೊಂದು ಸಂಗತಿ ಇದೆ. ಚೊಚ್ಚಲ ಹೆರಿಗೆ ತವರುಮನ್ಯಾಗ. ಮೂರೋ ಐದೋ ತಿಂಗಳಿಗೆ ಗಂಡನ ಮನೆಗೆ. ಆದರೆ ಖಿನ್ನತೆ ಮೊದಲ ವರ್ಷದಲ್ಲಿ ಯಾವಾಗ ಬೇಕಾದರೂ ಶುರುವಾಗಬಹುದು. ಆಕಿ ಸೊರಗಿದ್ದನ್ನ ತವರಿನವರು ನೋಡಿರ್ತಾರೆ, ಬೀಗರಿಗೆ ಹೇಳೋದಿಲ್ಲ, 'ಹುಡುಗಿಗೆ ಹೆಸರು ಬರತೈತಿ' ಅಂತ ಅಂಜಿಕೆ. ಅತ್ತಿಮನಿಯವರಿಗೆ ಏನೂ ಗೊತ್ತಿರೋದಿಲ್ಲ, 'ತವರಿಂದ ಬಂದಮ್ಯಾಲೆ ಹಿಂಗ್ಯಾಕ ಆದಳು' ಅಂತಾರೆ. ನಡುವೆ ಗುಳಿಗೆ ನಿಂತುಹೋಗ್ತಾವೆ. ತೊಟ್ಟಿಲು, ಕುಲಾಯಿ, ಲಸಿಕೆ ಕಾರ್ಡು ಎಲ್ಲಾ ಕಳಸ್ತೀವಲ್ಲ, ಆಕಿನ್ನ ಕೇಳಿಕೊಂಡು ಈ ವಿಷಯವನ್ನೂ ಹೇಳಿ ಕಳಸ್ರಿ. ಮೊದಲು ಅಳಿಯನಿಗೆ ಹೇಳ್ರಿ.

ಇನ್ನು ಅಳಿಯಂದಿರಿಗೆ. ಭಾನುವಾರ ಬಂದು ಕೂಸು ಎತ್ತಿಕೊಂಡು ಫೋಟೊ ತೆಗೆಸಿಕೊಂಡರೆ ಸಾಲದು. ರಾತ್ರಿ ಹಾಲು ಕುಡಿಸಿದ ಮೇಲೆ ಕೂಸನ್ನ ನೀವು ತಗೊಂಡು, ಆಕಿಗೆ ನಾಲ್ಕು ತಾಸು ಒಂದೇ ಸಮ ಮಲಗಾಕ ಬಿಡ್ರಿ. ಡಾಕ್ಟರ್ ಕಡೆ ಜೊತೆಗೆ ಹೋಗ್ರಿ. ಹಾಲುಣಿಸುವಾಗಲೂ ಕೊಡಬಹುದಾದ ಔಷಧಗಳಿವೆ. ಡಾಕ್ಟರನ್ನ ಕೇಳದೆ ನಿಲ್ಲಿಸಬೇಡಿ.

ಎಲ್ಲಿ ಹೋಗೋದು? ಧಾರವಾಡದಲ್ಲಿ ಡಿಮ್ಹಾನ್ಸ್, ಹುಬ್ಬಳ್ಳಿಯಲ್ಲಿ ಕೆಎಂಸಿಆರ್‌ಐ (ಮೊದಲಿನ ಕಿಮ್ಸ್) ಇವೆ. ಹೋಗಾಕ ಹಿಂಜರಿಕೆ ಆದರೆ ಮೊದಲು 14416ಕ್ಕೆ ಫೋನ್ ಮಾಡ್ರಿ. ಇದು 2022ರಲ್ಲಿ ಶುರುವಾದ ಸರಕಾರದ ಟೆಲಿ ಮಾನಸ್. ಹಗಲು-ರಾತ್ರಿ ಪುಕ್ಕಟೆ, ಕನ್ನಡದಲ್ಲೇ ಮಾತಾಡಬಹುದು. ಆಕಿನೇ ಮಾಡಬೇಕಂತಿಲ್ಲ. ನೋಡಿಕೊಂಡು ಸಾಕಾದ ಅವ್ವನೂ ಮಾಡಬಹುದು, ಗಂಡನೂ ಮಾಡಬಹುದು.

ಒಂದು ಎಚ್ಚರಿಕೆ. ನಿದ್ದಿ ಪೂರ್ತಿ ಹೋಗಿ, ಸಂಬಂಧ ಇಲ್ಲದ ಮಾತಾಡಿದರೆ, ಸಾಯೋ ಮಾತು ಬಂದರೆ, ಕೂಸಿಗೆ ಏನರ ಮಾಡಿಬಿಡ್ತೀನಿ ಅಂದರೆ, ಆಕಿನ್ನ ಒಬ್ಬಾಕಿನ್ನೇ ಬಿಡಬೇಡಿ. ಅವತ್ತೇ, ಆಗಲೇ ಆಸ್ಪತ್ರೆಗೆ ಕರಕೊಂಡು ಹೋಗ್ರಿ. 'ಕೂಸಿನ್ನ ಕಸಗೊಂತಾರ' ಅನ್ನೋ ಭಯಕ್ಕೆ ಬಹಳ ಮಂದಿ ತಡ ಮಾಡ್ತಾರೆ. 2017ರ ಮಾನಸಿಕ ಆರೋಗ್ಯ ಕಾಯ್ದೆ ಪ್ರಕಾರ, ಚಿಕಿತ್ಸೆಗೆ ದಾಖಲಾದ ತಾಯಿಯಿಂದ ಮೂರು ವರ್ಷದೊಳಗಿನ ಮಗುವನ್ನ ಸಾಮಾನ್ಯವಾಗಿ ಅಗಲಿಸುವಂತಿಲ್ಲ. ಕೂಸಿಗೆ ಅಪಾಯ ಇಲ್ಲ ಅಂದ್ರೆ ಅದು ತಾಯಿ ಜೊತೆಗೇ ಇರ್ತದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ-ಮಗು ಇಬ್ಬರಿಗೂ ಸೇರಿ ಬೇರೆ ವಾರ್ಡೇ ಇದೆ.

ನಿಮ್ಮ ಓಣ್ಯಾಗ ಯಾರರ ಬಾಣಂತಿ ಇದ್ದರೆ ಈ ವಾರ ಹೋಗಿ ಬರ್ರಿ. ಕೂಸಿನ್ನ ಆಮೇಲೆ ನೋಡಿದರಾತು. ಮೊದಲು ಆಕಿ ಹತ್ರ ಕುಂದರ್ರಿ.