ವಾರದ ಪಾಠ, ವಾರದ ಲೆಕ್ಕ



ಹಾಸನದ ಸೀಮೆಯಲ್ಲಿ ಆಲೂಗೆಡ್ಡೆ ಬೆಳೆಯುವವರಿಗೆ ಅಂಗಮಾರಿ ಎಂದರೇನೆಂದು ಹೇಳಿಕೊಡಬೇಕಾಗಿಲ್ಲ. ಸಾಲ ಮಾಡಿ ಪಂಜಾಬಿನ ಬಿತ್ತನೆ ಗೆಡ್ಡೆ ತಂದು, ರೋಹಿಣಿ ಮಳೆಗೆ ನೆಟ್ಟಿರುತ್ತೀರಿ. ಗಿಡ ಹಸುರೇರಿ ಗೆಡ್ಡೆ ಕಟ್ಟುವ ಹೊತ್ತಿಗೆ ಸೋನೆ ಹಿಡಿದು ಮೋಡ ಕವಿಯಿತೋ, ಕೆಲವೇ ದಿನದಲ್ಲಿ ಹೊಲ ಸುಟ್ಟ ಹಾಗೆ ಕಪ್ಪಾಗುತ್ತದೆ. ಈ ಕಾಟಕ್ಕೆ ಬೇಸತ್ತು ಎಷ್ಟೋ ಮನೆಯವರು ಆಲೂಗೆಡ್ಡೆ ಬಿಟ್ಟು ಮುಸುಕಿನ ಜೋಳಕ್ಕೆ, ಶುಂಠಿಗೆ ತಿರುಗಿದರು. ರೋಗದ ವಿಚಾರ ಹೇಳುವವರು ಇರಲಿಲ್ಲವೇ? ಇದ್ದರು. ಆದರೆ ಒಂದು ದಿನ ಕೇಳಿದ ಮಾತು ಆರು ವಾರ ಕಳೆದು ಹೊಲದಲ್ಲಿ ಬೇಕಾದಾಗ ನೆನಪಿಗೆ ಬರುವುದು ಕಷ್ಟ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅಂತಾರಲ್ಲ, ಹಾಗಾಗುತ್ತದೆ.

ಆದ್ದರಿಂದ ಪಾಠವೂ ಬೆಳೆಯ ಜೊತೆಗೇ ವಾರವಾರ ನಡೆಯಬೇಕು. ಇದಕ್ಕೆ ರೈತರ ಕ್ಷೇತ್ರ ಪಾಠಶಾಲೆ ಎನ್ನುತ್ತಾರೆ. ಇದು ಹುಟ್ಟಿದ್ದು ಇಂಡೊನೇಷ್ಯಾ ದೇಶದ ಭತ್ತದ ಗದ್ದೆಗಳಲ್ಲಿ. ಅಲ್ಲಿ ಕಂದು ಜಿಗಿಹುಳು ಭತ್ತವನ್ನು ತಿಂದು ಹಾಕುತ್ತಿತ್ತು. ಔಷಧಿ ಹೊಡೆದಷ್ಟೂ ಆ ಹುಳುವನ್ನು ತಿನ್ನುವ ಜೇಡಗಳು ಸತ್ತು, ಹುಳು ಮಾತ್ರ ಹೆಚ್ಚಿತು. 1986ರಲ್ಲಿ ಅಲ್ಲಿನ ಸರ್ಕಾರ ಭತ್ತಕ್ಕೆ ಹೊಡೆಯುವ 57 ಔಷಧಿಗಳನ್ನು ನಿಲ್ಲಿಸಿತು. ನಿಲ್ಲಿಸಿದರೆ ಸಾಕೇ? ಗದ್ದೆಯಲ್ಲಿ ಏನಿದೆಯೆಂದು ರೈತನೇ ನೋಡಿ ತೀರ್ಮಾನಿಸಬೇಕಲ್ಲ. ಅದಕ್ಕಾಗಿ 1989ರಲ್ಲಿ ಈ ಪಾಠಶಾಲೆಗಳು ಶುರುವಾದವು. ಸುಮಾರು 25 ಜನ ವಾರಕ್ಕೊಂದು ಬೆಳಿಗ್ಗೆ ಗದ್ದೆಗಿಳಿದು ನೋಡುವುದು, ಕಂಡದ್ದನ್ನು ದೊಡ್ಡ ಕಾಗದದಲ್ಲಿ ಬರೆದು ಎಲ್ಲರ ಮುಂದಿಟ್ಟು ಮಾತಾಡುವುದು, ಇದೇ ಕ್ರಮ.

ಕೂಡಿ ಕಲಿಯುವುದು ರೇಡಿಯೋ ಕೇಳುವವರಿಗೂ ಹೊಸದಲ್ಲ. 1956ರಲ್ಲಿ ಪುಣೆಯ ಆಕಾಶವಾಣಿ ಆಗಿನ ಮುಂಬಯಿ ರಾಜ್ಯದ 150 ಹಳ್ಳಿಗಳಲ್ಲಿ ರೈತರ ಕೂಟಗಳನ್ನು ಏರ್ಪಡಿಸಿ ಪ್ರಯೋಗ ನಡೆಸಿತು. ಕೂಟದವರು ಕಾರ್ಯಕ್ರಮ ಕೇಳಿ, ಕೂತು ಚರ್ಚೆ ಮಾಡಿ, ತಮ್ಮ ಪ್ರಶ್ನೆಗಳನ್ನು ನಿಲಯಕ್ಕೆ ಬರೆದು ಕಳಿಸುತ್ತಿದ್ದರು. ಕಲಿಸುವವರಿಗೂ ತಮ್ಮ ಪಾಠ ಎಲ್ಲಿ ತಲುಪಿತು, ಎಲ್ಲಿ ತಲುಪಲಿಲ್ಲ ಎಂಬುದು ಅದರಿಂದ ತಿಳಿಯಿತು.

ಈಗ ಬೂವನಹಳ್ಳಿಯಂಥ ಊರಿನಲ್ಲಿ ಇಪ್ಪತ್ತು ಜನ ಸೇರಿ ಇಂಥ ಪಾಠಶಾಲೆ ಹೂಡಿದರು ಎನ್ನಿ. ಸೋಮವಾರ ಆರು ಕಟ್ಟಬಾರದೆಂಬ ವಾಡಿಕೆ ಇರುವ ಕಡೆ ಆ ದಿನವೇ ಅನುಕೂಲ. ಐದೈದು ಜನರ ನಾಲ್ಕು ತಂಡ ಮಾಡಿಕೊಳ್ಳಿ. ಇಬ್ಬನಿ ಆರುವ ಮುಂಚೆ ಹೊಲಕ್ಕೆ ಹೋಗಿ, ತಂಡಕ್ಕೆ ಹತ್ತು ಗಿಡದಂತೆ ಬುಡದಿಂದ ತುದಿಯವರೆಗೆ ನೋಡಿ ಬನ್ನಿ. ಆಮೇಲೆ ಅರಳಿಕಟ್ಟೆಯ ಮೇಲೆ ಕೂತು ಮೂರು ಪ್ರಶ್ನೆ ಹಾಕಿಕೊಳ್ಳಿ. ಹೋದ ವಾರ ಏನು ಮಾಡಬೇಕೆಂದು ತೀರ್ಮಾನಿಸಿದ್ದೆವು, ಅದನ್ನು ಮಾಡಿದೆವೇ? ಮಾಡಿದ್ದರಿಂದ ಹೊಲದಲ್ಲಿ ಏನು ಕಂಡಿತು? ಬರುವ ವಾರ ಏನು ಮಾಡಬೇಕು, ಯಾರು ಮಾಡಬೇಕು?

ಇಷ್ಟಾದ ಮೇಲೆ ನಾಲ್ಕನೆಯದೊಂದು ಪ್ರಶ್ನೆ ಇದೆ. ಸಾಮಾನ್ಯವಾಗಿ ಇದನ್ನೇ ಮರೆಯುತ್ತೇವೆ. ಹೋದ ವಾರದ ಪಾಠ ಎಲ್ಲರಿಗೂ ತಿಳಿಯಿತೇ?

ಒಂದು ಉದಾಹರಣೆ ನೋಡಿ. ಅಂಗಮಾರಿ ಗುರುತಿಸುವ ಪಾಠ ಆಯಿತು, ಎಲ್ಲರೂ ತಲೆಯಾಡಿಸಿದರು. ಮುಂದಿನ ವಾರ ರೋಗದ ಎಲೆ ತನ್ನಿ ಎಂದರೆ ಎರಡು ತಂಡದವರು ಬುಡದ ಹಳೆಯ ಎಲೆ ತಂದರು. ಅದರ ಮೇಲೆ ಒಣಗಿದ ಚುಕ್ಕೆ, ಚುಕ್ಕೆಯೊಳಗೆ ಬಳೆಯಂಥ ಸುತ್ತುಗಳು. ಅದು ಮೊದಲು ಬರುವ ಎಲೆಚುಕ್ಕೆ ಅಂಗಮಾರಿ, ನಾವು ಹೆದರುವ ದೊಡ್ಡ ರೋಗವಲ್ಲ. ದೊಡ್ಡದು ಎಲೆಯ ಅಂಚಿನಿಂದ ನೀರು ನೆನೆದಂತೆ ಶುರುವಾಗಿ ಬೇಗ ಕಪ್ಪಾಗುತ್ತದೆ. ಬೆಳಗಿನ ಹೊತ್ತು ಎಲೆ ಮಗುಚಿದರೆ ಕಪ್ಪಿನ ಅಂಚಿನಲ್ಲಿ ಬಿಳಿಯ ಬೂಷ್ಟು ಕಾಣುತ್ತದೆ. ಹಾಗಾದರೆ ತಪ್ಪು ಯಾರದು? ಎಲೆ ತಂದವರದಲ್ಲ, ಪಾಠದ್ದು. ಬಾಯಲ್ಲಿ ಹೇಳಿದ್ದು ಸಾಲಲಿಲ್ಲ. ಈ ವಾರ ಎರಡು ಬಗೆಯ ಎಲೆಯನ್ನೂ ಕೈಗೆ ಕೊಟ್ಟು ಮತ್ತೆ ಪಾಠ ಮಾಡಬೇಕು. ವಾರದ ಲೆಕ್ಕ ನೋಡದೆ ಹೋಗಿದ್ದರೆ ಈ ಸಂಗತಿ ತಿಳಿಯುತ್ತಿದ್ದುದು ಹೊಲ ಕಪ್ಪಾದ ಮೇಲೆ.

ರೋಗದಲ್ಲಿ ಒಂದೊಂದು ದಿನವೂ ದುಡ್ಡು. ಮೋಡ ಮುಸುಕಿ ಜಡಿ ಹಿಡಿಯುವ ಲಕ್ಷಣ ಕಂಡಾಗಲೇ, ರೋಗ ಬರುವ ಮುಂಚೆ, ಲೀಟರು ನೀರಿಗೆ 2 ಗ್ರಾಂ ಮ್ಯಾಂಕೋಜೆಬ್ ಬೆರೆಸಿ ಎಲೆಯ ಅಡಿಯೂ ನೆನೆಯುವಂತೆ ಹೊಡೆಯಬೇಕು. ರೋಗ ಒಳಹೊಕ್ಕ ಮೇಲೆ ಅದೊಂದೇ ಸಾಲದು. ಆಗ ಎಲೆ ಹಿಡಿದುಕೊಂಡು ಕಂದಲಿಯ ಕೃಷಿ ವಿಜ್ಞಾನ ಕೇಂದ್ರಕ್ಕೋ ತೋಟಗಾರಿಕೆ ಇಲಾಖೆಗೋ ಅಂದೇ ಹೋಗಿ ಕೇಳಬೇಕು.

ಇನ್ನು ಮೂರು ಮಾತು. ಮೊದಲನೆಯದು, ವಾರಕ್ಕೊಂದು ಪುಟದಂತೆ ನೋಟುಬುಕ್ಕಿನಲ್ಲಿ ಬರೆಯಿರಿ: ದಿನಾಂಕ, ಮಳೆ, ಗಿಡದ ಸ್ಥಿತಿ, ತೀರ್ಮಾನ, ಖರ್ಚು. ಓದು ಬಾರದವರ ಮನೆಯಲ್ಲಿ ಶಾಲೆಗೆ ಹೋಗುವ ಮಗಳು ಬರೆದಾಳು. ಎರಡನೆಯದು, ಹೆಣ್ಣುಮಕ್ಕಳನ್ನು ಬಿಟ್ಟು ಕೂಡಬೇಡಿ. ಕಳೆ ತೆಗೆಯುವಾಗ ಗಿಡದ ಬುಡಕ್ಕೆ ಬಗ್ಗುವವರು ಅವರು, ಮೊದಲ ಚುಕ್ಕೆ ಅವರ ಕಣ್ಣಿಗೇ ಬಿದ್ದೀತು. ಮೂರನೆಯದು, ಸುಮ್ಮನೆ ಕೂತವರನ್ನು ಮೊದಲು ಮಾತಾಡಿಸಿ. ದೊಡ್ಡವರು ಮೊದಲೇ ಹೇಳಿಬಿಟ್ಟರೆ ಚಿಕ್ಕವರು ಹೌದೆಂದು ಎದ್ದು ಹೋಗುತ್ತಾರೆ.

ಈ ಪುಸ್ತಕ ಅಗೆತ ಮುಗಿದ ಮೇಲೂ ಕೆಲಸಕ್ಕೆ ಬರುತ್ತದೆ. ಯಾವ ವಾರ ಔಷಧಿ ತಡವಾಯಿತು, ಯಾವ ಪಾಠ ಮುಂಚೆ ಬರಬೇಕಿತ್ತು ಎಂದು ನೋಡಿ, ಬರುವ ವರ್ಷದ ಪಾಠಗಳನ್ನು ನೀವೇ ಜೋಡಿಸಿಕೊಳ್ಳಬಹುದು. ಬರುವ ಸೋಮವಾರವೇ ನಾಲ್ಕು ಜನ ಸೇರಿ ಮೊದಲ ಪುಟ ಬರೆಯಿರಿ, ಉಳಿದವರು ತಾವಾಗಿ ಬರುತ್ತಾರೆ.