ಕೈ ಒರೆಸಿಕೊಂಡ ದೇವರು

ಬಾವಿಯ ಪಂಪಿನ ಶಾಫ್ಟ್ ಸವೆದಿತ್ತು. ಮೊನ್ನೆ ಮಂಗಳವಾರ ಬೆಳಿಗ್ಗೆಯೇ ಕರೂರು ಇಂಡಸ್ಟ್ರಿಯಲ್ ಏರಿಯಾದ ಲೇತ್ ಅಂಗಡಿಗೆ ಹೋದೆ. ಮಾಲೀಕ ಆಗಷ್ಟೇ ಶಟರ್ ಎತ್ತಿ ಮಶೀನಿಗೆ ಎಣ್ಣೆ ಬಿಟ್ಟಿದ್ದ. ಹಳೇ ಬನಿಯನ್ ತುಂಡಿನಲ್ಲಿ ಬೆರಳ ಸಂದಿಸಂದಿ ಒರೆಸಿಕೊಂಡು ದುಗ್ಗಮ್ಮನ ಫೋಟೋಕ್ಕೆ ಊದಿನಕಡ್ಡಿ ಹಚ್ಚಿದ. "ಕರೆಂಟ್ ಇರ್ಲಿ, ಟೂಲ್ ಮುರೀದಂಗೆ ನೋಡ್ಕೊ. ಉಳಿದಿದ್ದು ನಾ ನೋಡ್ಕಂತೀನಿ ಕಣವ್ವ." ನನಗೆ 'ಬರ್ರಿ ಸರ್' ಅಂದವನು ಅವಳನ್ನು ಮಾತಾಡಿಸಿದ್ದು ಏಕವಚನದಲ್ಲೇ. ಕೆಲಸ ಹಂಚಿಕೊಂಡ ಪಾಲುದಾರರ ಮಾತು ಅದು.

ಆ ಕೈ ಒರೆಸುವುದು ನೋಡಿ ಗ್ರೀಕರ ಹೆಫೈಸ್ಟಸ್ ನೆನಪಾದ. ದೇವಲೋಕದ ಕಮ್ಮಾರ, ಕುಂಟ. ಒಲಿಂಪಸ್ಸಿನ ದೇವರುಗಳಲ್ಲಿ ಬೆವರಿಳಿಸಿ ದುಡಿಯುವವನು ಇವನೊಬ್ಬನೇ ಇರಬೇಕು. ಹೋಮರನ 'ಇಲಿಯಡ್'ನ 18ನೇ ಸರ್ಗದಲ್ಲಿ ಕಡಲದೇವತೆ ಥೆಟಿಸ್ ಅವನ ಕುಲುಮೆಗೆ ಬರುತ್ತಾಳೆ. ಅವನ ಕೈತುಂಬ ಕೆಲಸ: ತಾವಾಗಿ ಉರುಳುವ ಚಿನ್ನದ ಗಾಲಿಯ 20 ಮುಕ್ಕಾಲಿಗಳು, ಹಿಡಿ ಕೂರಿಸುವುದು ಬಾಕಿ. ಅಷ್ಟಕ್ಕೇ ನಿಲ್ಲಿಸಿ, ತಿದಿ ಸರಿಸಿ, ಸಾಮಾನೆಲ್ಲ ಬೆಳ್ಳಿಪೆಟ್ಟಿಗೆಗೆ ತುಂಬಿ, ಮುಖ, ಕೈ, ಕತ್ತು, ರೋಮದೆದೆ ಎಲ್ಲ ಸ್ಪಂಜಿನಲ್ಲಿ ಒರೆಸಿಕೊಂಡು ಅಂಗಿ ತೊಟ್ಟು ಬರುತ್ತಾನೆ. ಹಿಂದೆ ಹೆತ್ತ ತಾಯಿಯೇ ಮೇಲಿಂದ ಎಸೆದಾಗ ಕಾಪಾಡಿದವಳು ಈಕೆ, ಆ ಋಣ. ಈಗ ಆಕೆ ಬಂದದ್ದು ಮಗನಿಗಾಗಿ. ತಾಯಿ ದೇವತೆ, ಮಗ ಅಕಿಲೀಸ್ ಸಾಯಲಿರುವ ಮನುಷ್ಯ. ಕವಚ ಮಾಡಿಕೊಡು ಅನ್ನುತ್ತಾಳೆ. ಅದಕ್ಕೇನಂತೆ, ಆದರೆ ಅವನ ಸಾವನ್ನು ತಪ್ಪಿಸುವುದೂ ನನ್ನ ಕೈಲಾಗಿದ್ದರೆ ಎಂದು ದೇವರು ಪೇಚಾಡಿಕೊಳ್ಳುತ್ತಾನೆ. ಬೆಳಗಾಗುವಷ್ಟರಲ್ಲಿ ಗುರಾಣಿ, ಕವಚ, ಶಿರಸ್ತ್ರಾಣ ತಯಾರು.

ದೇವರ ಕೈ ಕಟ್ಟಿಹೋದ ಕಥೆ ನಮ್ಮ ಪಕ್ಕದ ಹರಿಹರದಲ್ಲೂ ಇದೆ. ಹರಿಯಿಂದಾಗಲಿ ಹರನಿಂದಾಗಲಿ ಸಾವು ಬಾರದಂತೆ ಗುಹಾಸುರ ಬ್ರಹ್ಮನ ವರ ಪಡೆದಿದ್ದ. ಕೊಟ್ಟ ಮಾತು ಮೀರುವಂತಿಲ್ಲ. ಇಬ್ಬರೂ ಅರ್ಧರ್ಧ ಕೂಡಿ ಒಂದೇ ಮೈಯಾಗಬೇಕಾಯಿತು. ಒಳ್ಳೆ ವಕೀಲರೇ ಅನ್ನಿ! 1224ರಲ್ಲಿ ಪೊಲಾಳ್ವ ದಂಡನಾಥ ಕಟ್ಟಿಸಿದ ಗುಡಿಯಲ್ಲಿ ಇವತ್ತಿಗೂ ಹಾಗೇ ನಿಂತಿದ್ದಾರೆ.

ಮಧ್ಯಾಹ್ನದ ಹೊತ್ತಿಗೆ ಶಾಫ್ಟ್ ಸಿದ್ಧವಾಯಿತು. ವೆಲ್ಡಿಂಗ್ ತುಂಬಿ ಕಡೆದ ಜಾಗ ಬೆಳ್ಳಿಯ ಹಾಗೆ ಮಿರುಗುತ್ತಿತ್ತು. ವರ್ನಿಯರ್ ಹಿಡಿದು ಇನ್ನೊಮ್ಮೆ ಅಳೆದ. "ಇನ್ನು ತೊಂದ್ರೆ ಇಲ್ಲ ಅಲ್ಲಪ್ಪಾ?" ಅಂದೆ.

"ಶಾಫ್ಟಿಂದು ನನ್ನ ಕೇಳ್ರಿ ಸರ್. ಬಾವ್ಯಾಗ ನೀರಿಂದು ಕೇಳ್ಬೇಡ್ರಿ," ಅಂದು ಹಳೇ ಪೇಪರಿನಲ್ಲಿ ಸುತ್ತಿ ಕೊಟ್ಟ.