ಅಲ್ಪಶಕ್ತಿಯ ರೇಡಿಯೋ: ಕೀಲುಗಳ ಆಯ್ಕೆ

ರೇಡಿಯೋ ಯಂತ್ರಗಳ ಮಾತು ಬಂದಾಗ ಜನರು ಪ್ರೇಷಕದ ಬಲವನ್ನು ವಿಚಾರಿಸುತ್ತಾರೆ, ಏರಿಯಲ್ಲಿನ ಎತ್ತರವನ್ನು ವಿಚಾರಿಸುತ್ತಾರೆ. ಇವೆರಡನ್ನೂ ಕೂಡಿಸುವ ತಂತಿಯ ತುದಿಯಲ್ಲಿ ಹೆಬ್ಬೆರಳಿನ ಗಾತ್ರದ, ಕೆಲವೊಮ್ಮೆ ಹೆಸರುಕಾಳಿನ ಗಾತ್ರದ, ಲೋಹದ ಕೀಲೊಂದಿರುತ್ತದೆ. ಕನೆಕ್ಟರ್ ಎಂದು ಅದರ ಹೆಸರು. ಅದನ್ನು ಕುರಿತು ಮಾತ್ರ ಯಾರೂ ವಿಚಾರಿಸುವುದಿಲ್ಲ. ಅಂಗಡಿಯವನು ಕೊಟ್ಟುದೇ ಕೀಲು, ತಿರುಗಿಸಿದಾಗ ಹೊಂದಿದುದೇ ಜೋಡಿ, ಎಂಬಂತೆ ವ್ಯವಹಾರ ನಡೆಯುತ್ತದೆ. ಈ ಹೊತ್ತು ಆ ಕೀಲನ್ನು ಆರಿಸತಕ್ಕ ಬಗೆಯನ್ನು ಕುರಿತು, ಅದರಲ್ಲಿಯೂ ಕೆಲವೇ ವ್ಯಾಟುಗಳ ಶಕ್ತಿಯಿಂದ ನಡೆಯುವ ಯಂತ್ರಗಳ ಮಟ್ಟಿಗೆ, ತಮ್ಮೊಡನೆ ನಾಲ್ಕು ಮಾತುಗಳನ್ನಾಡಬೇಕೆಂದಿದ್ದೇನೆ.

ಶಕ್ತಿಯೇ ಅಲ್ಪವಾದ ಮೇಲೆ ಚಿಂತೆ ಏತಕ್ಕೆ ಎಂದು ತಾವು ಕೇಳಬಹುದು. ಚಿಂತೆ ಹೆಚ್ಚಬೇಕಾದುದು ಅಲ್ಲಿಯೇ. ಸಾವಿರಾರು ವ್ಯಾಟುಗಳ ಪ್ರೇಷಕದಲ್ಲಿ ಕೀಲು ಕೆಟ್ಟರೆ ಅದು ಕಾಯುತ್ತದೆ, ಕಿಡಿ ಹಾರುತ್ತದೆ, ಸುಟ್ಟ ವಾಸನೆ ಬರುತ್ತದೆ. ದೋಷವು ತಾನಾಗಿಯೇ ಕೂಗಿ ಹೇಳುತ್ತದೆ. ಐದು ವ್ಯಾಟಿನ ಯಂತ್ರದಲ್ಲಿ ಶಕ್ತಿಯ ದೊಡ್ಡ ಪಾಲು ಕೀಲಿನಿಂದಲೇ ಹಿಂದಿರುಗಿ ಹೋದರೂ ಹೊಗೆಯಿಲ್ಲ, ವಾಸನೆಯಿಲ್ಲ. ದೀಪ ಉರಿಯುತ್ತಿರುತ್ತದೆ, ಮಾತು ಮಾತ್ರ ತಲಪುವುದಿಲ್ಲ. ಗ್ರಾಹಕ ಯಂತ್ರದಲ್ಲಿಯೂ ಹೀಗೆಯೇ. ಮೊದಲನೆಯ ವರ್ಧಕಕ್ಕೆ ಮುಂಚೆ ಆದ ನಷ್ಟವನ್ನು ಆಮೇಲೆ ಎಷ್ಟು ವರ್ಧಿಸಿದರೂ ತುಂಬಿಕೊಳ್ಳಲಾಗದು. ಗೊರಗೊರ ಸದ್ದೂ ಜೊತೆಯಲ್ಲಿಯೇ ಬೆಳೆಯುತ್ತದೆ. ೨೦೦೪ರ ಡಿಸೆಂಬರಿನಲ್ಲಿ ಸುನಾಮಿಯು ಅಂಡಮಾನ್ ದ್ವೀಪಗಳನ್ನು ಅಪ್ಪಳಿಸಿದಾಗ, ಆ ವೇಳೆಗೆ ಪೋರ್ಟ್‌ಬ್ಲೇರಿನಲ್ಲಿದ್ದ ಹವ್ಯಾಸಿ ರೇಡಿಯೋ ತಂಡವೊಂದು ತನ್ನ ಯಂತ್ರಗಳಿಂದಲೇ ಸುದ್ದಿಗಳನ್ನು ಮುಖ್ಯಭೂಮಿಗೆ ಮುಟ್ಟಿಸಿತು. ಅಂತಹ ಗಳಿಗೆಯಲ್ಲಿ ಕೀಲು ಏಕೆ ಕೆಟ್ಟಿತೆಂದು ಶೋಧಿಸುತ್ತ ಕುಳಿತುಕೊಳ್ಳುವುದಕ್ಕಾಗುವುದಿಲ್ಲ.

ಈ ತಂತಿಗೆ ಏಕಾಕ್ಷ ತಂತಿಯೆಂದು ಹೆಸರು. ನಡುವೆ ಒಂದು ಎಳೆ, ಅದರ ಸುತ್ತ ವಿದ್ಯುನ್ನಿರೋಧಕ ವಸ್ತು, ಅದರ ಹೊರಗೆ ಲೋಹದ ಜಾಲರಿ. ಎರಡು ವಾಹಕಗಳಿಗೂ ಅಕ್ಷವೊಂದೇ. ಇಂಗ್ಲೆಂಡಿನ ಆಲಿವರ್ ಹೆವಿಸೈಡನು ೧೮೮೦ರಲ್ಲಿಯೇ ಇದಕ್ಕೆ ಪೇಟೆಂಟ್ ಪಡೆದಿದ್ದನು. ಒಳವಾಹಕದ ವ್ಯಾಸ, ಹೊರವಾಹಕದ ವ್ಯಾಸ, ನಡುವಣ ವಸ್ತುವಿನ ಗುಣ, ಈ ಮೂರರಿಂದ ತಂತಿಯ ಲಕ್ಷಣ ಪ್ರತಿಬಾಧೆಯು ನಿರ್ಧಾರವಾಗುತ್ತದೆ. ಉದ್ದಕ್ಕೂ ಇದಕ್ಕೂ ಸಂಬಂಧವಿಲ್ಲ. ತಂತಿ ಒಂದು ಗೇಣಿರಲಿ, ಒಂದು ಮೈಲಿಯಿರಲಿ, ಅದು ಅಷ್ಟೇ. ಸಮನಾದ ಅಗಲದ ಕಾಲುವೆಯಲ್ಲಿ ಅಲೆ ನಿರಾತಂಕವಾಗಿ ಸಾಗುತ್ತದೆ. ಅಗಲವು ಥಟ್ಟನೆ ಬದಲಾದೆಡೆಯಲ್ಲಿ ಅದರ ಒಂದಂಶ ಹಿಂದಕ್ಕೆ ಮರಳುತ್ತದೆ. ವಿದ್ಯುತ್ತರಂಗದ ನಡತೆಯೂ ಹಾಗೆಯೇ. ಗಾಳಿಯೇ ನಿರೋಧಕವಾಗಿರುವ ತಂತಿಯು ೩೦ ಓಮಿನ ಸುಮಾರಿನಲ್ಲಿ ಅತಿ ಹೆಚ್ಚು ಶಕ್ತಿಯನ್ನು ತಡೆದುಕೊಳ್ಳುತ್ತದೆ; ೭೭ ಓಮಿನ ಸುಮಾರಿನಲ್ಲಿ ನಷ್ಟ ಅತಿ ಕಡಮೆ. ಇವೆರಡರ ನಡುವಣ ರಾಜಿಯಾಗಿ ೫೦ ಓಮ್ ರೂಢಿಗೆ ಬಂದಿತು. ಬರಿದೆ ಗ್ರಹಿಸುವ ಟೆಲಿವಿಷನ್ನಿನ ತಂತಿಗಳಲ್ಲಿ ೭೫ ಓಮ್ ನಿಂತಿತು.

ಈಗ ಕೀಲಿಗೆ ಬರೋಣ. ಅದು ಎರಡು ತುದಿಗಳನ್ನು ಕಟ್ಟುವ ಬರಿಯ ಗಂಟಲ್ಲ. ತಂತಿಯ ಒಂದು ತುಂಡು. ಆದುದರಿಂದ ಅದರ ಪ್ರತಿಬಾಧೆಯೂ ೫೦ ಓಮ್ ಇರಬೇಕು. ೧೯೩೦ರ ದಶಕದಲ್ಲಿ ಹುಟ್ಟಿದ ಯು.ಎಚ್.ಎಫ್. ಕೀಲು ಇಂದಿಗೂ ಎಲ್ಲ ಅಂಗಡಿಗಳಲ್ಲಿಯೂ ದೊರೆಯುತ್ತದೆ. ದಪ್ಪ, ಗಟ್ಟಿ, ಅಗ್ಗ; ನೋಡಿದವರಿಗೆ ನಂಬಿಕೆ ಹುಟ್ಟುವಂತಹ ಆಕಾರ. ಹೆಸರಿನಲ್ಲಿ ಅತ್ಯುಚ್ಚ ಆವೃತ್ತಿಯೆಂದಿದ್ದರೂ, ೩೦ ಮೆಗಾಹರ್ಟ್ಸಿಗೆ ಮೇಲಿನದೆಲ್ಲವೂ ಅತ್ಯುಚ್ಚವೆನಿಸಿದ್ದ ಕಾಲದ ಹೆಸರು ಅದು. ಅದರೊಳಗೆ ಸುಮಾರು ಎರಡು ಸೆಂಟಿಮೀಟರಿನಷ್ಟು ದೂರ ಪ್ರತಿಬಾಧೆಯು ೫೦ ಓಮಿಗಿಂತ ಬಹಳ ಕೆಳಗಿಳಿಯುತ್ತದೆ. ಇದರಿಂದಾಗುವ ಕೇಡು ಎಷ್ಟು? ೧೪೫ ಮೆಗಾಹರ್ಟ್ಸಿನಲ್ಲಿ, ಪಾಲಿಥೀನ್ ತುಂಬಿದ ತಂತಿಯೊಳಗೆ, ತರಂಗದ ಉದ್ದ ಸುಮಾರು ೧೩೭ ಸೆಂಟಿಮೀಟರು. ಅದರಲ್ಲಿ ಎರಡು ಸೆಂಟಿಮೀಟರನ್ನು ತರಂಗವು ಲೆಕ್ಕಕ್ಕೇ ಇಡುವುದಿಲ್ಲ. ೨೪೦೦ ಮೆಗಾಹರ್ಟ್ಸಿನಲ್ಲಿ ಅದೇ ತರಂಗದ ಉದ್ದ ಎಂಟು ಸೆಂಟಿಮೀಟರು ಮಾತ್ರ. ಎರಡು ಸೆಂಟಿಮೀಟರೆಂದರೆ ಸರಿಯಾಗಿ ಕಾಲು ಪಾಲು. ಅಲ್ಲಿ ಪ್ರತಿಬಾಧೆ ೩೫ ಓಮಿಗೆ ಇಳಿದಿದೆಯೆಂದು ಹಿಡಿದರೆ, ನೂರಕ್ಕೆ ಸುಮಾರು ೧೨ ಪಾಲು ಶಕ್ತಿ ಒಂದೇ ಕೀಲಿನಿಂದ ಹಿಂದಿರುಗುತ್ತದೆ. ಆದುದರಿಂದ ೩೦ ಮೆಗಾಹರ್ಟ್ಸಿನ ಕೆಳಗೆ ಈ ಕೀಲನ್ನು ಹಳಿಯುವವರ ಮಾತಿಗೆ ಕಿವಿಗೊಡಬೇಕಾಗಿಲ್ಲ. ಕೆಲವು ನೂರು ಮೆಗಾಹರ್ಟ್ಸನ್ನು ದಾಟಿದ ಮೇಲೆ ಅದನ್ನು ಹೊಗಳುವವರ ಮಾತಿಗೂ ಕಿವಿಗೊಡಬಾರದು.

ಪ್ರತಿಬಾಧೆಯನ್ನು ಕೆಡಿಸದ ಕೀಲನ್ನು ೧೯೪೦ರ ದಶಕದಲ್ಲಿ ಬೆಲ್ ಪ್ರಯೋಗಶಾಲೆಯ ಪಾಲ್ ನೀಲ್ ರಚಿಸಿದನು. ಅವನ ಹೆಸರಿನ ಮೊದಲ ಅಕ್ಷರದಿಂದ ಅದಕ್ಕೆ ಎನ್ ಕೀಲು ಎಂದು ಹೆಸರಾಯಿತು. ಇಂದು ಅದು ೧೧ ಗಿಗಾಹರ್ಟ್ಸಿನವರೆಗೆ ನೆಚ್ಚಿಗೆಗೆ ಅರ್ಹ. ಕಾಲು ಸುತ್ತು ತಿರುಗಿಸಿದೊಡನೆ ಬಿಗಿಯುವ ಬಿ.ಎನ್.ಸಿ. ಕೀಲಿನ ಹೆಸರಿನಲ್ಲಿ ನೀಲನೊಡನೆ ಆಂಫೆನಾಲ್ ಕಂಪೆನಿಯ ಕಾರ್ಲ್ ಕಾನ್ಸೆಲ್ಮನ್ನನೂ ಸೇರಿದ್ದಾನೆ. ಆ ಅಕ್ಷರಗಳಿಗೆ ಬ್ರಿಟಿಷ್ ನೌಕಾಪಡೆಯ ಸಂಬಂಧ ಹಚ್ಚುವುದು ಬರಿಯ ಕಟ್ಟುಕಥೆ. ಅದು ೪ ಗಿಗಾಹರ್ಟ್ಸಿನವರೆಗೆ ಸಾಕು. ದಿನಕ್ಕೆ ಹತ್ತು ಸಲ ಬಿಚ್ಚಿ ಹಾಕುವ ಮೇಜಿನ ಮೇಲಿನ ಯಂತ್ರಕ್ಕೆ ಇದಕ್ಕಿಂತ ಅನುಕೂಲವಾದುದನ್ನು ನಾನು ಕಾಣೆ. ಅಲುಗಾಡುವ ವಾಹನದಲ್ಲಿ ಮಾತ್ರ, ಇದರದೇ ತಿರುಪಿನ ಸೋದರನಾದ ಟಿ.ಎನ್.ಸಿ. ಲೇಸು.

ಎಸ್.ಎಂ.ಎ. ಎಂಬ ಚಿಕ್ಕ ಕೀಲು ೧೯೬೦ರ ದಶಕದಲ್ಲಿ ಬಳಕೆಗೆ ಬಂದಿತು. ೧೮ ಗಿಗಾಹರ್ಟ್ಸಿನವರೆಗೆ ಯೋಗ್ಯವಾದ ಇದು ಕೈಯಲ್ಲಿ ಹಿಡಿಯುವ ಯಂತ್ರಗಳಲ್ಲಿ ಸರ್ವತ್ರ ಕಾಣುತ್ತದೆ. ಇದರ ಆಯುಸ್ಸನ್ನು ಐನೂರು ಸಲ ಬಿಚ್ಚಿಹಾಕುವಷ್ಟೆಂದು ಎಣಿಸುತ್ತಾರೆ. ಅದೂ ತಿರುಪಿನ ಹೊರಬಳೆಯನ್ನು ಮಾತ್ರ ತಿರುಗಿಸಿ, ಒಳಗಿನ ಮೊಳೆಯನ್ನು ತಿರುಗಗೊಡದೆ ಇದ್ದರೆ. ಯಂತ್ರದೊಳಗೆ ಒತ್ತಿ ಕೂಡಿಸುವ ಹೆಸರುಕಾಳಿನಂತಹ ಯು.ಎಫ್.ಎಲ್. ಕೀಲಿನ ಆಯುಸ್ಸು ಮೂವತ್ತೇ ಸಲ. ಅದು ಒಮ್ಮೆ ಕೂಡಿಸಿ ಮುಚ್ಚಳ ಹಾಕಿಬಿಡತಕ್ಕದ್ದು, ಪ್ರಯೋಗಕ್ಕಲ್ಲ.

ಎಸ್.ಎಂ.ಎ.ಯನ್ನು ಕೊಳ್ಳುವಾಗ ಒಂದು ಮೋಸವಿದೆ. ಇದಕ್ಕೆ ಒಳಗಿನ ಮೊಳೆಯನ್ನೂ ತೂತನ್ನೂ ಅದಲುಬದಲು ಮಾಡಿದ ದಾಯಾದಿಯೊಂದುಂಟು. ಸಾಮಾನ್ಯರು ಬೇರೆ ಏರಿಯಲ್ಲನ್ನು ತೊಡಿಸಬಾರದೆಂಬ ಅಮೆರಿಕದ ನಿಯಮದ ಫಲವಾಗಿ ಹಬ್ಬಿದ ಈ ರೂಪವು ಮನೆಗಳ ವೈಫೈ ಯಂತ್ರಗಳಲ್ಲಿ ಬಹಳವಾಗಿ ಕಾಣುತ್ತದೆ. ಎರಡರ ತಿರುಪೂ ಒಂದೇ. ತೂತಿಗೆ ತೂತು ಎದುರಾದರೂ ತಿರುಪು ಸೊಗಸಾಗಿ ಬಿಗಿಯುತ್ತದೆ. ಒಳಗೆ ಲೋಹಕ್ಕೆ ಲೋಹ ಸೋಂಕಿಯೇ ಇರುವುದಿಲ್ಲ. ಮೊಳೆಗೆ ಮೊಳೆ ಎದುರಾದರೆ ಎರಡೂ ಮುರಿಯುವ ಭಯ. ಹೊರಗಿನ ಬಿಗಿಯನ್ನು ನಂಬದೆ, ಕೊಳ್ಳುವ ಮುನ್ನ ಕೀಲಿನ ಬಾಯೊಳಗೆ ಇಣಿಕಿ ನೋಡಬೇಕು.

೫೦ ಓಮಿಗೆ ೭೫ ಓಮನ್ನು ಕೂಡಿಸಿದರೆ ಅನರ್ಥವಾಗುವುದೆಂಬ ಹೆದರಿಕೆ ಅತಿಯಾದುದು. ಅಂತಹ ಒಂದು ಸಂಧಿಯಿಂದ ಹಿಂದಿರುಗುವುದು ನೂರಕ್ಕೆ ನಾಲ್ಕೇ ಪಾಲು. ನಿಜವಾದ ಅಪಾಯ ಎನ್ ಕೀಲಿನಲ್ಲಿದೆ: ೫೦ ಓಮಿನ ದಪ್ಪ ಮೊಳೆಯು ೭೫ ಓಮಿನ ಕಿರಿದಾದ ತೂತನ್ನು ಹೊಕ್ಕರೆ ಆ ತೂತು ಎಂದೆಂದಿಗೂ ಸಡಿಲವಾಗುತ್ತದೆ.

ಚಿನ್ನದ ಲೇಪದ ಕೀಲಿಗೆ ಹಣ ಸುರಿದು, ತಂತಿಯಲ್ಲಿ ಜಿಪುಣತನ ತೋರಿಸುವುದೂ ಉಂಟು. ಒಳ್ಳೆಯ ಕೀಲಿನಲ್ಲಾಗುವ ನಷ್ಟ ಡೆಸಿಬೆಲ್ಲಿನ ಹತ್ತನೆಯ ಒಂದು ಪಾಲಿನಷ್ಟು. ಸಾಧಾರಣವಾದ ಆರ್.ಜಿ. ೫೮ ತಂತಿಯೋ, ೧ ಗಿಗಾಹರ್ಟ್ಸಿನಲ್ಲಿ ಹತ್ತು ಮೀಟರಿಗೆ ಆರು ಡೆಸಿಬೆಲ್ಲಿಗೂ ಮೀರಿ ನುಂಗುತ್ತದೆ. ಐದು ವ್ಯಾಟು ಹೊರಟರೆ ಏರಿಯಲ್ಲಿಗೆ ಒಂದೂಕಾಲು ವ್ಯಾಟು ತಲಪುವುದೂ ಕಷ್ಟ. ಮೊದಲು ತಂತಿಯನ್ನು ಆರಿಸಿ, ಆ ತಂತಿಯ ದಪ್ಪಕ್ಕೆಂದೇ ಮಾಡಿದ ಕೀಲನ್ನು ಆಮೇಲೆ ಕೊಳ್ಳತಕ್ಕದ್ದು. ಒಂದು ಬಗೆಯ ಕೀಲಿನಿಂದ ಇನ್ನೊಂದಕ್ಕೆ ಹಾರಿಸುವ ಅಡಾಪ್ಟರುಗಳ ಸರಪಣಿ ಬೇಡ. ದೊಡ್ಡ ಎನ್ ಕೀಲಿಗೆ ದಪ್ಪ ತಂತಿ ಹಚ್ಚಿ, ಅದನ್ನು ಅಡಾಪ್ಟರಿನ ಮೂಲಕ ಅಂಗೈಯಗಲದ ಯಂತ್ರದ ಎಸ್.ಎಂ.ಎ.ಗೆ ತೂಗುಹಾಕಿದರೆ, ಆ ಭಾರಕ್ಕೇ ಒಳಗಿನ ಬೆಸುಗೆ ಬಿರಿಯುತ್ತದೆ.

ಮಾಳಿಗೆಯ ಮೇಲೆ, ಮಳೆಗಾಳಿಗೆ ಒಡ್ಡಿದ ಎಡೆಯಲ್ಲಿ, ಎನ್ ಕೀಲನ್ನು ಬಿಟ್ಟು ಬೇರೆಯದನ್ನು ನಾನು ಹೇಳಲಾರೆ. ಅದರೊಳಗೆ ನೀರು ತಡೆಯುವ ರಬ್ಬರಿನ ಬಳೆಯಿದೆ; ಯು.ಎಚ್.ಎಫ್. ಕೀಲಿಗೆ ಅದಿಲ್ಲ. ನಮ್ಮ ಮಲೆನಾಡಿನ ಮಳೆಗೆ ಆ ಬಳೆಯೊಂದೇ ಸಾಲದು. ಒಮ್ಮೆ ಒಳಹೊಕ್ಕ ನೀರನ್ನು ತಂತಿಯ ಜಾಲರಿಯು ದೀಪದ ಬತ್ತಿ ಎಣ್ಣೆಯನ್ನು ಹೀರುವಂತೆ ಹೀರಿ ಮೀಟರುಗಟ್ಟಲೆ ಒಯ್ಯುತ್ತದೆ. ಅನಂತರ ಕೀಲನ್ನು ಬದಲಾಯಿಸಿ ಪ್ರಯೋಜನವಿಲ್ಲ, ತಂತಿಯನ್ನೇ ಬದಲಾಯಿಸಬೇಕು. ತನಗೆ ತಾನೇ ಬೆಸೆದುಕೊಳ್ಳುವ ರಬ್ಬರಿನ ಪಟ್ಟಿಯನ್ನು ಕೀಲಿನ ಮೇಲೆ ಕೆಳಗಿನಿಂದ ಮೇಲಕ್ಕೆ ಸುತ್ತಬೇಕು. ಹಾಗಾದರೆ ಸುತ್ತುಗಳು ಹೆಂಚಿನಂತೆ ಒಂದರ ಮೇಲೊಂದು ಕುಳಿತು ನೀರನ್ನು ಹೊರಕ್ಕೆ ಜಾರಿಸುತ್ತವೆ. ತಂತಿಯು ಮನೆಯನ್ನು ಹೊಗುವ ಮುನ್ನ ಅದನ್ನು ಒಂದು ಗೇಣು ಕೆಳಕ್ಕೆ ಬಳುಕಿಸಿ ಬಿಡಬೇಕು. ತಂತಿಯ ಮೈಮೇಲೆ ಹರಿದುಬಂದ ನೀರು ಆ ಬಳುಕಿನ ತುದಿಯಿಂದ ನೆಲಕ್ಕೆ ತೊಟ್ಟಿಕ್ಕುತ್ತದೆ. ಗೋಡೆಯ ಒಳಗಣ ಕೀಲಿನವರೆಗೆ ಬರುವುದಿಲ್ಲ.